ಶಿಂಜುಕು ನಿಲ್ದಾಣದ ಮೇಲಿನ ಲುಮಿನೆ ಎಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೋಕಿಯೋದಲ್ಲಿ ಓದುವ ಅಥವಾ ದುಡಿಯುವ ಮಕ್ಕಳನ್ನು ನೋಡಲು ಊರಿನಿಂದ ಬರುವ ತಂದೆತಾಯಿಯರನ್ನೂ, ಕಚೇರಿಯ ಕೆಲಸದ ಮೇಲೆ ಬಂದು ಒಂದು ಸಂಜೆಯ ಬಿಡುವು ಸಿಕ್ಕವರನ್ನೂ, ಹದಿಹರೆಯದ ಮಕ್ಕಳೊಂದಿಗೆ ಪ್ರವಾಸ ಬಂದವರನ್ನೂ ನಾನು ಶಿಂಜುಕು ನಿಲ್ದಾಣದ ಮೇಲಿರುವ ಲುಮಿನೆ ಎಸ್ಟ್ ಎಂಬ ಅಂಗಡಿ ಸಂಕೀರ್ಣಕ್ಕೆ ತಪ್ಪದೆ ಕರೆದೊಯ್ಯುತ್ತೇನೆ. ಅವರೆಲ್ಲ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಉತ್ತರಗಳೊಂದಿಗೆ ಇಲ್ಲಿ ಬರೆದಿಟ್ಟಿದ್ದೇನೆ. ಏನನ್ನೂ ಕೊಳ್ಳದೆ ಹಿಂದಿರುಗಿದರೂ ನಷ್ಟವಿಲ್ಲ. ಒಂದು ರೈಲು ನಿಲ್ದಾಣ ಊರಿನ ಯುವಜನರ ದಿನಚರಿಯೊಳಗೆ ಎಷ್ಟರಮಟ್ಟಿಗೆ ಬೆರೆತುಹೋಗಬಹುದು ಎಂಬುದನ್ನು ಕಣ್ಣಾರೆ ಕಾಣುವುದಕ್ಕಾಗಿಯೇ ಅಲ್ಲಿಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ.

ಲುಮಿನೆ ಎಸ್ಟ್ ಎಂದರೆ ಏನು? ಅದು ಎಲ್ಲಿದೆ?

ಟೋಕಿಯೋದ ಶಿಂಜುಕು ನಿಲ್ದಾಣದ ಪೂರ್ವ ದ್ವಾರದ ಮೇಲೆಯೇ ಎದ್ದಿರುವ, ನೆಲದ ಮೇಲೆ ಎಂಟು ಮಹಡಿಗಳೂ ಕೆಳಗೆ ಎರಡು ನೆಲಮಾಳಿಗೆಗಳೂ ಉಳ್ಳ ಕಟ್ಟಡ ಇದು. ಇದನ್ನು ನಡೆಸುವ ಲುಮಿನೆ ಕಂಪನಿಯು ಪೂರ್ವ ಜಪಾನ್ ರೈಲ್ವೆಯ ಅಂಗಸಂಸ್ಥೆ. ಎಸ್ಟ್ ಎಂಬುದು ಫ್ರೆಂಚ್ ಭಾಷೆಯಲ್ಲಿ ಪೂರ್ವ ದಿಕ್ಕಿನ ಹೆಸರಾದ್ದರಿಂದ, ಯಾವ ದ್ವಾರದಲ್ಲಿ ಇಳಿಯಬೇಕೆಂಬುದು ಹೆಸರಿನಲ್ಲಿಯೇ ಅಡಗಿದೆ. ಬಟ್ಟೆ, ಪಾದರಕ್ಷೆ, ಕೈಚೀಲ, ಒಡವೆಯಂತಹ ಸಣ್ಣ ಅಲಂಕಾರಗಳು, ಸೌಂದರ್ಯ ಸಾಮಗ್ರಿಗಳು ಇಲ್ಲಿನ ಮುಖ್ಯ ಸರಕು. ಅವುಗಳಲ್ಲಿ ಹೆಚ್ಚಿನವು ಹದಿನೆಂಟರಿಂದ ಮೂವತ್ತರೊಳಗಿನ ಹೆಣ್ಣುಮಕ್ಕಳಿಗಾಗಿ ಇರುತ್ತವೆ, ಗಂಡುಮಕ್ಕಳ ಉಡುಪಿನ ಅಂಗಡಿಗಳೂ ಕೆಲವಿವೆ. ಮೇಲಿನ ಏಳು ಮತ್ತು ಎಂಟನೆಯ ಮಹಡಿಗಳು ಊಟದ ಮನೆಗಳಿಗೆ ಮೀಸಲು.

ರೈಲು ನಿಲ್ದಾಣದ ನೆತ್ತಿಯ ಮೇಲೆ ಬಟ್ಟೆ ಅಂಗಡಿಗಳು ಏಕೆ?

ಹಿರಿಯರು ತಪ್ಪದೆ ಕೇಳುವ ಪ್ರಶ್ನೆ ಇದು, ನನಗೆ ಅತ್ಯಂತ ಇಷ್ಟವಾದುದೂ ಹೌದು. ಜಪಾನಿನಲ್ಲಿ ರೈಲ್ವೆ ಕಂಪನಿಗಳು ಟಿಕೆಟಿನ ಹಣವನ್ನಷ್ಟೇ ನಂಬಿ ಬೆಳೆದವುಗಳಲ್ಲ. ಒಸಾಕಾದ ಹಂಕ್ಯೂ ರೈಲ್ವೆಯನ್ನು ಕಟ್ಟಿದ ಕೊಬಾಯಾಶಿ ಇಚಿಝೋ ಅವರು 1929ರಲ್ಲಿ ಉಮೆದಾ ನಿಲ್ದಾಣದಲ್ಲಿ ರೈಲ್ವೆ ಕಂಪನಿಯದೇ ಆದ ದೊಡ್ಡ ಮಳಿಗೆಯನ್ನು ತೆರೆದರು. ಹಳಿಯ ಉದ್ದಕ್ಕೂ ಮನೆಗಳನ್ನು ಕಟ್ಟಿ ಮಾರುವುದು, ಆ ಮನೆಗಳವರು ದಿನವೂ ಬಂದು ಇಳಿಯುವ ಕೊನೆಯ ನಿಲ್ದಾಣದಲ್ಲಿ ಅವರಿಗೆ ಬೇಕಾದ ಸರಕನ್ನು ಇಡುವುದು ಅವರ ದಾರಿಯಾಗಿತ್ತು. ಬೇರೆ ಖಾಸಗಿ ರೈಲ್ವೆಗಳೂ ಅದೇ ದಾರಿ ಹಿಡಿದವು.

ಸರ್ಕಾರಿ ರೈಲ್ವೆ ಇದೇ ಜಾಗಕ್ಕೆ ಬಂದದ್ದು ಬೇರೆ ಕಾರಣದಿಂದ. ಎರಡನೆಯ ಮಹಾಯುದ್ಧದಲ್ಲಿ ಸುಟ್ಟುಹೋದ ನಿಲ್ದಾಣಗಳನ್ನು ಮತ್ತೆ ಕಟ್ಟಲು ಅದರ ಬಳಿ ಹಣವಿರಲಿಲ್ಲ. ಆಗ ಸ್ಥಳೀಯ ಬಂಡವಾಳದಾರರು ಕಟ್ಟಡದ ಖರ್ಚನ್ನು ಹಂಚಿಕೊಂಡು, ಪ್ರತಿಯಾಗಿ ಅದರೊಳಗೆ ಅಂಗಡಿಗಳಿಗೆ ಜಾಗ ಪಡೆಯುವ ಏರ್ಪಾಡು ಹುಟ್ಟಿಕೊಂಡಿತು. ಅದಕ್ಕೆ ಮಿನ್‌ಶೂ ಎಕಿ, ಅಂದರೆ ಜನತೆಯ ನಿಲ್ದಾಣ ಎಂದು ಹೆಸರು. ಇಂಥ ಮೊದಲ ನಿಲ್ದಾಣ 1950ರಲ್ಲಿ ತೊಯೊಹಾಶಿಯಲ್ಲಿ ಎದ್ದಿತು. ಶಿಂಜುಕುವಿನ ಪೂರ್ವ ದ್ವಾರದ ಈ ಕಟ್ಟಡ ಬಾಗಿಲು ತೆರೆದದ್ದು ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆದ 1964ರಲ್ಲಿ. 1978ರಿಂದ ಮೈ ಸಿಟಿ ಎಂಬ ಹೆಸರಿನಲ್ಲಿದ್ದ ಅದು 2006ರಲ್ಲಿ ಲುಮಿನೆ ಎಸ್ಟ್ ಆಯಿತು. ಹೀಗಾಗಿ ಹೊಳೆಯುವ ದೀಪಗಳ ಹಿಂದೆ ಇರುವುದು ಅರವತ್ತು ವರ್ಷ ದಾಟಿದ ಕಟ್ಟಡ. ಒಳಗಿನ ಮಾಡು ಕೆಲವೆಡೆ ತಗ್ಗಾಗಿ, ನಡೆದಾಡುವ ದಾರಿ ಇಕ್ಕಟ್ಟಾಗಿ ಕಾಣುವುದನ್ನು ದೋಷವೆಂದು ಎಣಿಸದೆ, ಅದರ ವಯಸ್ಸಿನ ಗುರುತೆಂದು ನೋಡಬೇಕು.

1987ರಲ್ಲಿ ಸರ್ಕಾರಿ ರೈಲ್ವೆಯನ್ನು ವಿಭಾಗಿಸಿ ಖಾಸಗೀಕರಣ ಮಾಡಿದ ಮೇಲೆ ನಿಲ್ದಾಣದ ಅಂಗಡಿಗಳಿಂದ ಬರುವ ಆದಾಯ ಇನ್ನೂ ಮುಖ್ಯವಾಯಿತು. ಶಾಲೆ ಬಿಟ್ಟು ಮನೆಗೆ ಹೊರಟ ಹುಡುಗಿ ರೈಲು ಬದಲಿಸುವ ನಡುವಿನ ಇಪ್ಪತ್ತು ನಿಮಿಷಗಳಲ್ಲಿ ಒಂದು ಜೊತೆ ಕಿವಿಯೋಲೆ ಕೊಂಡು ಮತ್ತೆ ಗೇಟು ದಾಟುವುದು ಅವಳಿಗೆ ದಿನದ ಮಾತು. ಪೇಟೆಗೆ ಹೋಗುವುದೆಂಬ ಬೇರೆ ಪ್ರಯಾಣವೇ ಅಲ್ಲಿಲ್ಲ.

ಶಿಂಜುಕುವಿನಲ್ಲಿ ದಾರಿ ತಪ್ಪುತ್ತದೆ ಎನ್ನುತ್ತಾರೆ. ಸರಿಯಾಗಿ ತಲುಪುವುದು ಹೇಗೆ?

ಹೇಳುವುದು ನಿಜ. 1885ರಲ್ಲಿ ತೆರೆದ ಈ ನಿಲ್ದಾಣವನ್ನು ಇಂದು ಪೂರ್ವ ಜಪಾನ್ ರೈಲ್ವೆ, ಒದಾಕ್ಯೂ, ಕೆಯೋ, ಟೋಕಿಯೋ ಮೆಟ್ರೋ, ತೊಯೆ ಸುರಂಗ ರೈಲು ಎಂಬ ಐದು ಸಂಸ್ಥೆಗಳು ಹಂಚಿಕೊಂಡಿವೆ. ಕೋವಿಡ್‌ಗೆ ಮುಂಚಿನ ಲೆಕ್ಕದಲ್ಲಿ ದಿನಕ್ಕೆ 35 ಲಕ್ಷಕ್ಕೂ ಹೆಚ್ಚು ಜನ ಇದನ್ನು ಬಳಸುತ್ತಿದ್ದು, ಜಗತ್ತಿನ ಅತ್ಯಂತ ಜನನಿಬಿಡ ನಿಲ್ದಾಣವೆಂದು ಗಿನ್ನೆಸ್ ದಾಖಲೆಯಲ್ಲಿದೆ. ಸುರಂಗ ಮಾರ್ಗಗಳ ಬಾಗಿಲುಗಳನ್ನೂ ಸೇರಿಸಿದರೆ ಹೊರದಾರಿಗಳು ಇನ್ನೂರನ್ನು ಮೀರುತ್ತವೆ.

ಆದರೂ ಒಂದು ಗುಟ್ಟನ್ನು ನೆನಪಿಟ್ಟುಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಯಾಮನೊತೆ, ಚುವೊ ಮುಂತಾದ ರೈಲುಗಳಿಂದ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ, ಮೆಟ್ಟಿಲು ಹತ್ತಿ ಮೇಲೆ ಹೋದರೆ ದಕ್ಷಿಣದ ದ್ವಾರಗಳು ಸಿಗುತ್ತವೆ, ಇಳಿದು ಕೆಳಗೆ ಹೋದರೆ ಪೂರ್ವ ಮತ್ತು ಪಶ್ಚಿಮ ದ್ವಾರಗಳು ಸಿಗುತ್ತವೆ. ಲುಮಿನೆ ಎಸ್ಟ್‌ಗೆ ಹೋಗುವವರು ಕೆಳಗೆ ಇಳಿಯಬೇಕು. ಹಳದಿ ಫಲಕಗಳಲ್ಲಿ ಪೂರ್ವ ದ್ವಾರವೆಂದು ಇಂಗ್ಲಿಷಿನಲ್ಲಿಯೂ ಬರೆದಿರುತ್ತದೆ. ದಾರಿ ಕೇಳಬೇಕಾದರೆ "ಹಿಗಾಶಿ ಗುಚಿ" ಎಂದರೆ ಸಾಕು. ಗೇಟು ದಾಟಿದ ಜಾಗವೇ ಕಟ್ಟಡದ ಮೊದಲ ನೆಲಮಾಳಿಗೆಯ ಮಟ್ಟವಾದ್ದರಿಂದ ಮಳೆಯಲ್ಲಿ ಕೊಡೆ ಬಿಚ್ಚದೆಯೇ ಒಳಗೆ ಸೇರಬಹುದು.

ಆಗ್ನೇಯ ದ್ವಾರ ಎಂಬುದು ಬೇರೆಯೇ ಇದ್ದು, ಅದು ಮೇಲ್ಗಡೆ ದಕ್ಷಿಣದ ಕಡೆಗೆ ಬರುತ್ತದೆ. ಒಮ್ಮೆ ನನ್ನ ಸೋದರಮಾವ ಆ ಫಲಕವನ್ನು ಕಂಡು ಪೂರ್ವವೆಂದೇ ತಿಳಿದು ಅಲ್ಲಿ ನಿಂತಿದ್ದರು. ನಾನು ಕೆಳಗೆ ಗೇಟಿನ ಬಳಿ ಮುಕ್ಕಾಲು ಗಂಟೆ ಕಾದೆ. ಅಂದಿನಿಂದ ನಾನು ದ್ವಾರದ ಹೆಸರಿನ ಜೊತೆಗೆ "ಗೇಟಿನ ಹೊರಗೆ, ಕಣ್ಣಿಗೆ ಕಾಣುವ ಇಂಥ ಅಂಗಡಿಯ ಮುಂದೆ" ಎಂದು ಖಚಿತವಾಗಿ ಹೇಳಿಕಳಿಸುತ್ತೇನೆ. ಹಾಗೆಯೇ ಸೇಬು ಶಿಂಜುಕು, ಮಿನಾಮಿ ಶಿಂಜುಕು, ಶಿಂಜುಕು ಸಾನ್‌ಚೋಮೆ ಎಂಬವು ಬೇರೆ ಬೇರೆ ನಿಲ್ದಾಣಗಳು. ಮೊಬೈಲಿನ ನಕ್ಷೆಯಲ್ಲಿ ಹುಡುಕುವಾಗ ಹೆಸರನ್ನು ಪೂರ್ತಿ ಓದಿ.

ಪಶ್ಚಿಮದ ಕಡೆಯಿಂದ ಬರುವವರಿಗೆ ಹಿಂದೆ ಸುತ್ತುಬಳಸಿ ನಡೆಯುವ ಕಷ್ಟವಿತ್ತು. 2020ರ ಜುಲೈನಲ್ಲಿ ಸುಮಾರು 100 ಮೀಟರ್ ಉದ್ದ, 25 ಮೀಟರ್ ಅಗಲದ ಪೂರ್ವ-ಪಶ್ಚಿಮ ಮಾರ್ಗವನ್ನು ತೆರೆದ ಮೇಲೆ ಟಿಕೆಟ್ ಇಲ್ಲದೆಯೇ ನೆಟ್ಟಗೆ ದಾಟಬಹುದಾಗಿದೆ. ಪಶ್ಚಿಮದಲ್ಲಿ ಒದಾಕ್ಯೂ ಮಳಿಗೆಯ ಹಳೆಯ ಕಟ್ಟಡವನ್ನು 2022ರಲ್ಲಿ ಮುಚ್ಚಿ ಗಗನಚುಂಬಿ ಕಟ್ಟಡಕ್ಕಾಗಿ ಕೆಡವಿರುವುದರಿಂದ, ಆ ಕಡೆಯ ಹಳೆಯ ಫೋಟೋಗಳನ್ನು ಗುರುತಾಗಿ ನಂಬಬೇಡಿ.

ವಿಮಾನ ನಿಲ್ದಾಣದಿಂದ ನೇರವಾಗಿ ಬರಬಹುದೇ?

ಬರಬಹುದು. ಬೆಂಗಳೂರಿನ ನೇರ ವಿಮಾನ ಇಳಿಯುವ ನರಿತಾದಿಂದ ನರಿತಾ ಎಕ್ಸ್‌ಪ್ರೆಸ್ ಶಿಂಜುಕುವಿಗೆ ನೇರವಾಗಿ ಬರುತ್ತದೆ. ಹನೇದಾದಲ್ಲಿ ಇಳಿದವರು ಕೆಯ್ಕ್ಯೂ ರೈಲಿನಲ್ಲಿ ಶಿನಾಗಾವಾಕ್ಕೆ ಬಂದು ಯಾಮನೊತೆ ಮಾರ್ಗಕ್ಕೆ ಬದಲಿಸಬೇಕು. ಆದರೆ ದೊಡ್ಡ ಪೆಟ್ಟಿಗೆಗಳೊಂದಿಗೆ ಅಂಗಡಿ ಸುತ್ತಲು ಬರಬೇಡಿ. ಮೊದಲು ಹೋಟೆಲಿನಲ್ಲಿ ಇಟ್ಟು ಬನ್ನಿ. ನಿಲ್ದಾಣದಲ್ಲಿ ಲಾಕರುಗಳಿದ್ದರೂ ದೊಡ್ಡ ಅಳತೆಯವು ಬೆಳಿಗ್ಗೆಯೇ ತುಂಬಿಹೋಗುತ್ತವೆ.

ಲುಮಿನೆ ಹೆಸರಿನ ಬೇರೆ ಕಟ್ಟಡಗಳೂ ಅಲ್ಲಿಯೇ ಇವೆಯಲ್ಲ?

ಇವೆ. ದಕ್ಷಿಣ ದ್ವಾರದ ಬಳಿ ಲುಮಿನೆ 1 ಮತ್ತು ಲುಮಿನೆ 2 ಇವೆ. 2016ರಲ್ಲಿ ತೆರೆದ ನ್ಯೂವುಮನ್ ಎಂಬುದೂ ಅದೇ ಕಂಪನಿಯದು. ಅವು ಉದ್ಯೋಗಸ್ಥ ಮಹಿಳೆಯರನ್ನು ಹೆಚ್ಚು ಉದ್ದೇಶಿಸಿದವು, ಬೆಲೆಯೂ ಅದಕ್ಕೆ ತಕ್ಕಂತೆ. ಕಾಲೇಜಿನ ವಯಸ್ಸಿನವರಿಗೆ ಎಸ್ಟ್ ಸರಿಯಾದದ್ದು.

ಯಾವ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು?

ಬಟ್ಟೆಯ ಅಂಗಡಿಗಳು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತೆರೆದು ರಾತ್ರಿ ಒಂಬತ್ತರವರೆಗೆ ಇರುತ್ತವೆ. ಊಟದ ಮಹಡಿಗಳು ಅದಕ್ಕಿಂತ ತುಸು ಹೆಚ್ಚು ಹೊತ್ತು ತೆರೆದಿರುತ್ತವೆ. ಹೊರಡುವ ಮುನ್ನ ಆ ದಿನದ ಸಮಯವನ್ನು ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ಬೆಳಿಗ್ಗೆ ಎಂಟರ ಕಚೇರಿ ದಟ್ಟಣೆಯಲ್ಲಿ ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಶಿಂಜುಕುವಿನಲ್ಲಿ ಇಳಿಯಬಾರದು. ವಾರದ ದಿನ ಹನ್ನೊಂದರಿಂದ ಎರಡರ ನಡುವೆ ನೆಮ್ಮದಿಯಾಗಿ ನೋಡಬಹುದು. ಆದರೆ ಆ ಜಾಗದ ಜೀವವನ್ನು ನೋಡಬೇಕೆಂದರೆ ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ಶಾಲಾ ಸಮವಸ್ತ್ರದ ಹುಡುಗಿಯರು ಎರಡು ಮೂರು ಮಂದಿ ಗುಂಪಾಗಿ ಬಂದು, ಒಂದೇ ಅಂಗಿಯನ್ನು ಸರದಿಯ ಮೇಲೆ ಮೈಗೆ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡು, ಮತ್ತೆ ಅದನ್ನು ಇದ್ದಂತೆಯೇ ಮಡಿಸಿಟ್ಟು ಹೋಗುವುದನ್ನು ಕಾಣುವಿರಿ.

ಮಹಡಿಯ ಲೆಕ್ಕ ಏಕೆ ಹೊಂದುವುದಿಲ್ಲ?

ನಾವು ನೆಲಮಹಡಿ ಎನ್ನುವುದನ್ನು ಜಪಾನಿನಲ್ಲಿ ಒಂದನೆಯ ಮಹಡಿ ಎನ್ನುತ್ತಾರೆ. ನಮ್ಮ ಮೂರನೆಯ ಮಹಡಿ ಅವರ ನಾಲ್ಕು. ಒಬ್ಬರನ್ನೊಬ್ಬರು ಅಗಲಿ ಸುತ್ತುವಾಗ ಲಿಫ್ಟಿನ ಗುಂಡಿಯ ಮೇಲಿನ ಅಂಕಿಯನ್ನೇ ಹೇಳಿಕೊಳ್ಳಿ.

ಅಲ್ಲಿ ಎಲ್ಲರೂ ಹದಿಹರೆಯದವರು. ಅರವತ್ತು ದಾಟಿದವರಿಗೆ ಮುಜುಗರವಾಗುವುದಿಲ್ಲವೇ?

ಆಗಬೇಕಾದ ಕಾರಣವಿಲ್ಲ. ಅಂಗಡಿಯ ಹೊಸ್ತಿಲು ದಾಟಿದವರಿಗೆಲ್ಲ "ಇರಾಶ್ಶೈಮಾಸೆ" ಎಂಬ ಸ್ವಾಗತದ ಕೂಗು ಒಂದೇ ಬಗೆಯದು. ಅದಕ್ಕೆ ಉತ್ತರ ಕೊಡಬೇಕಾಗಿಲ್ಲ, ತಲೆಯನ್ನು ತುಸು ಬಾಗಿಸಿದರೆ ಸಾಕು. ಮೊಮ್ಮಗಳಿಗೆಂದು ಕೈಚೀಲ ಆರಿಸುವ ಅಜ್ಜಿಯರನ್ನು ನಾನು ಅಲ್ಲಿ ಎಷ್ಟೋ ಬಾರಿ ಕಂಡಿದ್ದೇನೆ. ಕುಳಿತುಕೊಳ್ಳುವ ಜಾಗ ಮಾತ್ರ ಬಹಳ ಕಡಿಮೆ. ಮಂಡಿನೋವು ಇರುವವರು ಮಕ್ಕಳು ಬಟ್ಟೆ ನೋಡುವಷ್ಟು ಹೊತ್ತು ಒಂದು ಕಾಫಿ ಅಂಗಡಿಯಲ್ಲಿ ಕುಳಿತಿರುವುದು ಒಳ್ಳೆಯದು.

ಬಟ್ಟೆಯನ್ನು ಹಾಕಿ ನೋಡಬಹುದೇ? ನಮ್ಮ ಅಳತೆ ಸಿಗುತ್ತದೆಯೇ?

ಹಾಕಿ ನೋಡಬಹುದು, ಆದರೆ ಮೊದಲು ಸಿಬ್ಬಂದಿಯನ್ನು ಕೇಳಬೇಕು. "ಶಿಚಾಕು ಶಿತೆಮೊ ಈ ದೆಸು ಕಾ" ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರೆ ಕೆಲಸ ಸಲೀಸು. ಟ್ರಯಲ್ ರೂಮಿನ ನೆಲ ತುಸು ಎತ್ತರವಾಗಿ ಮೆತ್ತನೆಯ ಹಾಸು ಹೊದ್ದಿರುತ್ತದೆ. ನಮ್ಮ ಮನೆಯ ಹೊಸ್ತಿಲಿನ ಹಾಗೆಯೇ ಅಲ್ಲಿ ಚಪ್ಪಲಿ ಬಿಟ್ಟು ಹತ್ತಬೇಕು. ಅಕ್ಕನ ಮಗಳು ಮೊದಲ ಬಾರಿ ಹೋದಾಗ, ಅಂಗಡಿಯ ಹುಡುಗಿ ಅವಳ ಕೈಗೆ ಬಿಳಿಯ ತೆಳು ಚೀಲದಂತಹ ಒಂದು ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅದು ಮುಖಕ್ಕೆ ಹಾಕಿಕೊಳ್ಳುವ ಮುಸುಕು. ತಲೆಯ ಮೇಲಿನಿಂದ ಅಂಗಿ ತೊಡುವಾಗ ತುಟಿಯ ಬಣ್ಣ, ಪೌಡರು, ನಮ್ಮವರ ಹಣೆಯ ಕುಂಕುಮ ಕೂಡ ಹೊಸ ಬಟ್ಟೆಗೆ ತಾಗದಂತೆ ಅದನ್ನು ಮೊದಲು ತಲೆಗೆ ಹಾಕಿಕೊಂಡು, ಆಮೇಲೆ ಅಂಗಿಯನ್ನು ಇಳಿಸಿಕೊಳ್ಳಬೇಕು. ಹೊರಬಂದಾಗ ಅವಳ ಬೂಟುಗಳನ್ನು ಯಾರೋ ತಿರುಗಿಸಿ, ಕಾಲಿಟ್ಟು ನೇರವಾಗಿ ನಡೆಯುವಂತೆ ಮೂತಿಯನ್ನು ಹೊರಗೆ ಮಾಡಿ ಜೋಡಿಸಿಟ್ಟಿದ್ದರು. ಈ ಕೆಲಸದ ಹಿಂದಿರುವ ಗಮನವನ್ನು ಕಂಡು ಮೆಚ್ಚುವ ಸಲುವಾಗಿಯಾದರೂ ಒಂದು ಬಟ್ಟೆಯನ್ನು ಹಾಕಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಅಳತೆಯ ವಿಷಯದಲ್ಲಿ ಎಚ್ಚರ ಬೇಕು. ಯುವತಿಯರ ಅಂಗಡಿಗಳಲ್ಲಿ ಹೆಚ್ಚಿನ ಉಡುಪುಗಳು ಎಸ್ ಮತ್ತು ಎಂ ಅಳತೆಗಳಲ್ಲಿಯೇ ಮುಗಿಯುತ್ತವೆ. ಫ್ರೀ ಸೈಜ್ ಎಂದು ಬರೆದದ್ದೂ ಜಪಾನಿ ಮೈಕಟ್ಟಿಗೆ ಹೊಂದುವಂತಹದೇ. ನಮ್ಮಲ್ಲಿ ಎಂ ತೊಡುವವರಿಗೆ ಅಲ್ಲಿನ ಎಲ್ ಕೂಡ ಭುಜದಲ್ಲಿ ಬಿಗಿಯಾಗಬಹುದು. ಪಾದರಕ್ಷೆಯನ್ನು ಸೆಂಟಿಮೀಟರಿನಲ್ಲಿ ಮಾರುತ್ತಾರೆ. 23.5, 24 ಎಂಬಂತೆ ಅರ್ಧರ್ಧ ಸೆಂಟಿಮೀಟರಿನ ಅಂತರದಲ್ಲಿ ಅಳತೆಗಳಿರುತ್ತವೆ. ಊರಿನಲ್ಲಿರುವವರಿಗೆ ಕೊಂಡೊಯ್ಯುವುದಾದರೆ, ಅವರ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಉದ್ದ ಬರೆದು ತನ್ನಿ.

ಬೆಲೆ ಹೇಗಿರುತ್ತದೆ? ಚೌಕಾಸಿ ಮಾಡಬಹುದೇ?

ಚೌಕಾಸಿ ಮಾಡುವ ರೂಢಿ ಇಲ್ಲ. ಕೇಳಿದರೆ ಸಿಬ್ಬಂದಿ ಸಿಟ್ಟಾಗುವುದಿಲ್ಲ, ಸಂಕಟಪಡುತ್ತಾರೆ. ಆದ್ದರಿಂದ ಕೇಳದಿರುವುದೇ ಲೇಸು. ತೆರಿಗೆ ಸೇರಿದ ಒಟ್ಟು ಬೆಲೆಯನ್ನು ತೋರಿಸುವುದು 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಕಾರಣ ಲೆಕ್ಕ ಹಾಕುವ ತೊಂದರೆಯಿಲ್ಲ. ಕಡಿಮೆ ಬೆಲೆಗೆ ಬೇಕಿದ್ದರೆ ಜನವರಿ ಮತ್ತು ಜುಲೈ ತಿಂಗಳ ರಿಯಾಯಿತಿ ಮಾರಾಟಕ್ಕೆ ಬನ್ನಿ. ಹೊಸ ವರ್ಷದಲ್ಲಿ ಫುಕುಬುಕುರೊ ಎಂಬ ಅದೃಷ್ಟದ ಚೀಲಗಳನ್ನು ಮಾರುವ ಸಂಪ್ರದಾಯವೂ ಜಪಾನಿನಲ್ಲಿದೆ. ಒಳಗೆ ಏನಿದೆಯೆಂದು ಕಾಣದೆ ಕೊಳ್ಳುವ ಚೀಲ ಅದು, ಒಳಗಿರುವ ಸರಕಿನ ಬೆಲೆ ಕೊಟ್ಟ ಹಣಕ್ಕಿಂತ ಹೆಚ್ಚಿರುತ್ತದೆ. ಅಳತೆ ಹೊಂದದಿದ್ದರೆ ಬದಲಾಯಿಸಲು ಆಗುವುದಿಲ್ಲವಾದ್ದರಿಂದ, ಅದು ಅಲ್ಲಿನ ಹುಡುಗಿಯರಿಗೇ ಸರಿ.

ಪ್ರವಾಸಿಗರಿಗೆ ತೆರಿಗೆ ವಿನಾಯಿತಿ ಇದೆಯೇ?

ಇದೆ, ಆದರೆ ಎಲ್ಲ ಅಂಗಡಿಗಳಲ್ಲಿ ಅಲ್ಲ. ಗಾಜಿನ ಮೇಲೆ ತೆರಿಗೆರಹಿತ ಮಾರಾಟದ ಗುರುತು ಇದೆಯೇ ಎಂದು ನೋಡಿ. ಬಟ್ಟೆಗಳ ಮೇಲಿನ ಬಳಕೆ ತೆರಿಗೆ ಶೇಕಡ 10. ತೆರಿಗೆ ಬಿಟ್ಟು 5,000 ಯೆನ್ ಅಥವಾ ಅದಕ್ಕಿಂತ ಹೆಚ್ಚಿನ ಖರೀದಿಯನ್ನು ಒಂದೇ ದಿನ, ಒಂದೇ ಅಂಗಡಿಯಲ್ಲಿ ಮಾಡಿರಬೇಕು. ಪಾಸ್‌ಪೋರ್ಟನ್ನು ಜೊತೆಗೆ ಒಯ್ದಿರಬೇಕು, ಅದರ ಫೋಟೋ ನಡೆಯುವುದಿಲ್ಲ. 2026ರ ಅಕ್ಟೋಬರ್ 31ರವರೆಗೆ ತೆರಿಗೆಯನ್ನು ಅಂಗಡಿಯಲ್ಲಿಯೇ ಬಿಡುತ್ತಾರೆ. 2026ರ ನವೆಂಬರ್ 1ರಿಂದ ಪೂರ್ತಿ ಹಣ ಕೊಟ್ಟು, ದೇಶ ಬಿಡುವಾಗ ಕಸ್ಟಮ್ಸ್ ಪರಿಶೀಲನೆ ಆದ ನಂತರ ತೆರಿಗೆಯನ್ನು ಹಿಂಪಡೆಯುವ ಪದ್ಧತಿ ಬರುತ್ತದೆ. ಹಾಗಾಗಿ ಆ ದಿನದ ನಂತರ ಬರುವವರು ಕೊಂಡ ವಸ್ತುಗಳನ್ನು ವಿಮಾನ ನಿಲ್ದಾಣದಲ್ಲಿ ತೋರಿಸಲು ಬರುವಂತೆ ಇಟ್ಟುಕೊಳ್ಳಬೇಕು. ಅಲ್ಲಿಯೇ ಕೆಲಸದಲ್ಲಿರುವ ಮಗನಿಗೋ ಮಗಳಿಗೋ ಈ ವಿನಾಯಿತಿ ಸಿಗುವುದಿಲ್ಲ. ಅವರು ಕೊಂಡದ್ದಕ್ಕೆ ನಿಮ್ಮ ಪಾಸ್‌ಪೋರ್ಟ್ ತೋರಿಸುವುದೂ ನಿಯಮಕ್ಕೆ ವಿರುದ್ಧ.

ಹಣ ಕೊಡುವುದು ಹೇಗೆ?

ಕ್ರೆಡಿಟ್ ಕಾರ್ಡ್, ನಗದು, ಸುಯ್ಕಾ ಕಾರ್ಡ್ ಎಲ್ಲವೂ ನಡೆಯುತ್ತವೆ. 2001ರಲ್ಲಿ ರೈಲಿನ ಟಿಕೆಟಿಗಾಗಿ ಬಂದ ಸುಯ್ಕಾ ಇಂದು ಚಹಾದ ಬಾಟಲಿಗೂ ಅಂಗಿಗೂ ಹಣ ಕೊಡುವ ಸಾಧನವಾಗಿದೆ. ಅದರಲ್ಲಿ ಒಮ್ಮೆಗೆ 20,000 ಯೆನ್‌ವರೆಗೆ ತುಂಬಿಸಿಡಬಹುದು. ಹಣವನ್ನು ಸಿಬ್ಬಂದಿಯ ಕೈಗೆ ಕೊಡದೆ ಮುಂದಿಟ್ಟ ಚಿಕ್ಕ ತಟ್ಟೆಯಲ್ಲಿ ಇಡಬೇಕು. ಚಿಲ್ಲರೆಯನ್ನು ಅವರು ನಿಮ್ಮ ಕಣ್ಣೆದುರಿಗೇ ಎಣಿಸಿ ಕೊಡುತ್ತಾರೆ. ಹೊರಗೆ ಮಳೆ ಬರುತ್ತಿದ್ದರೆ ಕಾಗದದ ಚೀಲದ ಮೇಲೆ ಪಾರದರ್ಶಕ ಹೊದಿಕೆ ಹಾಕಿ, ಕೆಲವು ಅಂಗಡಿಗಳವರು ಚೀಲವನ್ನು ತಾವೇ ಹಿಡಿದು ಬಾಗಿಲಿನವರೆಗೆ ಬಂದು ಕೊಟ್ಟು ನಮಿಸುತ್ತಾರೆ. ಟಿಪ್ಸ್ ಕೊಡುವ ರೂಢಿ ಇಲ್ಲ.

ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?

ಸಿಗುವುದು ಕಡಿಮೆ, ಅದೂ ವಿಚಾರಿಸಿ ತಿನ್ನಬೇಕು. ಜಪಾನಿನ ಅಡುಗೆಯ ತಳಹದಿಯಾದ ದಾಶಿ ಎಂಬ ಸಾರನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನಿಂದ ತೆಗೆಯುತ್ತಾರೆ. ಹೀಗಾಗಿ ಕಣ್ಣಿಗೆ ಬರೀ ತರಕಾರಿಯಾಗಿ ಕಾಣುವ ನೂಡಲ್ಸ್, ಮಿಸೊ ಸೂಪು, ಬೇಯಿಸಿದ ಪಲ್ಯ ಯಾವುದರಲ್ಲಿಯೂ ಮೀನಿನ ಸಾರ ಇರಬಹುದು. ಅಲ್ಲಿನ ಕರಿ ರೈಸಿನ ಗೊಜ್ಜಿನಲ್ಲಿ ಸಾಧಾರಣವಾಗಿ ಮಾಂಸದ ಕೊಬ್ಬು ಸೇರಿರುತ್ತದೆ. ಕ್ರೇಪ್ ಎಂಬ ಸಿಹಿದೋಸೆಯ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಬರೀ ಮಾಂಸ ಬೇಡವೆಂದರೆ ಮೀನು ಬಡಿಸುವುದುಂಟು. ಆದ್ದರಿಂದ "ನಿಕು ಮೊ ಸಕಾನಾ ಮೊ ತಾಬೆಮಾಸೆನ್, ದಾಶಿ ಮೊ ದಾಮೆ ದೆಸು" ಎಂದು ಪೂರ್ತಿ ಹೇಳಿ. ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ, ದಾಶಿಯೂ ಆಗದು ಎಂದು ಅದರ ಅರ್ಥ. ಕಟ್ಟುನಿಟ್ಟಿನ ಸಸ್ಯಾಹಾರಿಗಳಾದ ಹಿರಿಯರ ಜೊತೆ ಹೋಗುವಾಗ ನಾನು ಮನೆಯಿಂದ ಮೊಸರನ್ನವನ್ನೋ ಚಪಾತಿಯನ್ನೋ ಮೊದಲೇ ಉಣ್ಣಿಸಿ ಹೊರಡುತ್ತೇನೆ, ಮೇಲಿನ ಮಹಡಿಯಲ್ಲಿ ಹಣ್ಣಿನ ರಸವನ್ನಷ್ಟೇ ಕೊಡಿಸುತ್ತೇನೆ. ಶಿಂಜುಕುವಿನ ಸುತ್ತ ಭಾರತೀಯ ಹೋಟೆಲುಗಳು ಅನೇಕ ಇವೆ. ಹಸಿವಾದರೆ ಅಲ್ಲಿಗೆ ನಡೆಯುವುದೇ ಸರಿ.

ಒಳಗೆ ಫೋಟೋ ತೆಗೆಯಬಹುದೇ?

ನಿಮ್ಮವರ ಫೋಟೋವನ್ನೂ ಅಂಗಡಿಯವರ ಅನುಮತಿ ಪಡೆದೇ ತೆಗೆಯಿರಿ. ಬೇರೆ ಗ್ರಾಹಕರನ್ನು, ಅದರಲ್ಲಿಯೂ ಸಮವಸ್ತ್ರದ ಶಾಲಾ ಮಕ್ಕಳನ್ನು ಎಂದಿಗೂ ತೆಗೆಯಬಾರದು.

ಕಸದ ಬುಟ್ಟಿ ಏಕೆ ಕಾಣುವುದಿಲ್ಲ? ಎಸ್ಕಲೇಟರಿನಲ್ಲಿ ಎಲ್ಲಿ ನಿಲ್ಲಬೇಕು?

1995ರ ಮಾರ್ಚ್ 20ರಂದು ಟೋಕಿಯೋ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲದ ದಾಳಿ ನಡೆದ ಮೇಲೆ ಸಾರ್ವಜನಿಕ ಸ್ಥಳಗಳಿಂದ ಕಸದ ಬುಟ್ಟಿಗಳನ್ನು ತೆಗೆಯುತ್ತ ಬಂದರು. ಚಿಕ್ಕ ಚೀಲವೊಂದನ್ನು ಜೊತೆಗಿಟ್ಟುಕೊಂಡು ಕಸವನ್ನು ಹೋಟೆಲಿಗೇ ಒಯ್ಯಿರಿ. ಎಸ್ಕಲೇಟರಿನಲ್ಲಿ ಟೋಕಿಯೋದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ.

ಅಲ್ಲಿರುವಾಗ ಭೂಕಂಪವಾದರೆ?

ಓಡಬೇಡಿ, ಲಿಫ್ಟ್ ಹತ್ತಬೇಡಿ. ಗಾಜಿನಿಂದಲೂ ಎತ್ತರದ ಕಪಾಟುಗಳಿಂದಲೂ ದೂರ ಸರಿದು, ತಲೆಯನ್ನು ಕೈಚೀಲದಿಂದ ಮುಚ್ಚಿಕೊಂಡು, ಸಿಬ್ಬಂದಿ ಹೇಳಿದಂತೆ ನಡೆಯಿರಿ. ಅವರಿಗೆ ಅದರ ಅಭ್ಯಾಸವಿರುತ್ತದೆ. 2011ರ ಮಾರ್ಚ್ 11ರಂದು ಟೋಕಿಯೋದ ರೈಲುಗಳು ನಿಂತು ಲಕ್ಷಾಂತರ ಮಂದಿ ಮನೆ ಸೇರಲಾಗದೆ ಉಳಿದರು. ಆ ಅನುಭವದ ನಂತರ, ಎಲ್ಲರೂ ಒಮ್ಮೆಗೇ ರಸ್ತೆಗಿಳಿಯದೆ ಸುರಕ್ಷಿತವಾದ ಕಟ್ಟಡದಲ್ಲಿಯೇ ಉಳಿಯಬೇಕೆಂಬ ನಿಯಮವನ್ನು ಟೋಕಿಯೋ ಆಡಳಿತ 2013ರಿಂದ ಜಾರಿಗೆ ತಂದಿದೆ. ಮನೆಯವರೆಲ್ಲ ಎಲ್ಲಿ ಸೇರಬೇಕೆಂಬುದನ್ನು ಒಳಗೆ ಕಾಲಿಡುವ ಮುನ್ನವೇ ಮಾತನಾಡಿಕೊಳ್ಳಿ.

ಹೊರಗೆ ಬಂದ ಮೇಲೆ ಹತ್ತಿರದಲ್ಲಿ ನೋಡುವಂಥದ್ದು ಏನಿದೆ?

ಎದುರಿನ ಕಟ್ಟಡದ ನೆತ್ತಿಯ ದೊಡ್ಡ ವಿಡಿಯೊ ಪರದೆಯಲ್ಲಿ 2021ರಿಂದ ಕಾಣಿಸಿಕೊಳ್ಳುತ್ತಿರುವ ಮೂರು ಆಯಾಮದ ದೈತ್ಯ ಬೆಕ್ಕನ್ನು ಮಕ್ಕಳು ತಾವಾಗಿಯೇ ಕಂಡುಹಿಡಿಯುತ್ತಾರೆ. ನಾನು ತೋರಿಸುವುದು ಅದರಾಚೆ ಎರಡು ನಿಮಿಷದ ನಡಿಗೆಯಲ್ಲಿರುವ ನಕಾಮುರಾಯಾ ಅಂಗಡಿಯನ್ನು. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಬಂದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಅವರನ್ನು ಈ ಬ್ರೆಡ್ ಅಂಗಡಿಯ ಸೋಮಾ ದಂಪತಿ ತಮ್ಮ ಆವರಣದಲ್ಲಿಯೇ ಬಚ್ಚಿಟ್ಟು ಕಾಪಾಡಿದರು. ಮುಂದೆ ಅವರ ಮಗಳು ತೊಶಿಕೊ ಬೋಸರನ್ನು ಮದುವೆಯಾದರು. 1927ರಲ್ಲಿ ಅಂಗಡಿಯು ಊಟದ ವಿಭಾಗ ತೆರೆದಾಗ ಬೋಸರು ಕಲಿಸಿದ ಭಾರತೀಯ ಕರಿಯನ್ನು ಬಡಿಸತೊಡಗಿತು, ಇಂದಿಗೂ ಬಡಿಸುತ್ತಿದೆ. ಅದು ಕೋಳಿಯದು, ಸಸ್ಯಾಹಾರಿಗಳು ಹೊರಗಿನಿಂದ ನೋಡಿ ಬರಬಹುದು.

ರಾತ್ರಿ ಎಷ್ಟು ಹೊತ್ತಿನವರೆಗೆ ಇರಬಹುದು?

ಟೋಕಿಯೋದ ರೈಲುಗಳು ರಾತ್ರಿಯಿಡೀ ಓಡುವುದಿಲ್ಲ. ಮಧ್ಯರಾತ್ರಿ ದಾಟಿ ಒಂದು ಗಂಟೆಯೊಳಗೆ ಹೆಚ್ಚಿನ ಮಾರ್ಗಗಳು ನಿಂತು, ಬೆಳಗಿನ ಜಾವ ನಾಲ್ಕೂವರೆ ಐದರ ಹೊತ್ತಿಗೆ ಮತ್ತೆ ಶುರುವಾಗುತ್ತವೆ. ಹತ್ತು ಗಂಟೆಯೊಳಗೆ ಪೂರ್ವ ದ್ವಾರದ ಗೇಟು ದಾಟಿ ಪ್ಲಾಟ್‌ಫಾರ್ಮಿಗೆ ಹತ್ತಿ. ಶಿಬುಯಾ ಕಡೆಗೆ ಹೋಗುವ ಯಾಮನೊತೆ ರೈಲು 14ನೆಯ ಪ್ಲಾಟ್‌ಫಾರ್ಮಿನಲ್ಲಿ, ಇಕೆಬುಕುರೊ ಕಡೆಗಿನದು 15ರಲ್ಲಿ ಬರುತ್ತದೆ.